ಹಿಮವೇ ಕೀಲೆಣ್ಣೆ

ಅಮೆರಿಕದ ಮಿನ್ನೆಸೋಟದಲ್ಲಿ, ಡುಲೂತ್‌ನಿಂದ ಗ್ರ್ಯಾಂಡ್ ಮರೇವರೆಗೆ 146 ಮೈಲಿ ಉದ್ದದ ನಾರ್ತ್ ಶೋರ್ ಸ್ಟೇಟ್ ಟ್ರೇಲ್ ಇದೆ. ಚಳಿಗಾಲದಲ್ಲಿ ನಾನು ಸ್ನೋಮೊಬೈಲ್ ಎಂಬ ಹಿಮದ ಬಂಡಿ ಓಡಿಸುವುದು ಹೆಚ್ಚಾಗಿ ಅಲ್ಲೇ. ಇಷ್ಟು ವರ್ಷಗಳಲ್ಲಿ ನನಗೆ ಮನದಟ್ಟಾದದ್ದು ಒಂದೇ: ಈ ಬಂಡಿಯ ಟ್ರ್ಯಾಕನ್ನು ಕಾಪಾಡುವ ಕೆಲಸ ಶೆಡ್ಡಿನಲ್ಲಿ ಮುಗಿಯುವುದಿಲ್ಲ, ಓಡಿಸುವಾಗಲೂ ನಡೆಯುತ್ತಿರಬೇಕು.

ಅದರ ರಚನೆಯೇ ಹಾಗಿದೆ. ಅಗಲವಾದ ರಬ್ಬರ್ ಟ್ರ್ಯಾಕ್ ಎರಡು ಲೋಹದ ಹಳಿಗಳ ಸುತ್ತ ತಿರುಗುತ್ತದೆ. ಹಳಿಗಳ ಅಡಿಯಲ್ಲಿ ಹೈಫ್ಯಾಕ್ಸ್ ಎಂಬ ಪ್ಲಾಸ್ಟಿಕ್ ಪಟ್ಟಿ. ಟ್ರ್ಯಾಕಿನ ಕ್ಲಿಪ್ಪುಗಳು ಅದನ್ನು ಉಜ್ಜಿಕೊಂಡೇ ಸಾಗುತ್ತವೆ. ಅಲ್ಲಿಗೆ ಗ್ರೀಸಿಲ್ಲ, ಎಣ್ಣೆಯಿಲ್ಲ, ಹಿಮವೇ ಕೀಲೆಣ್ಣೆ. ಲಿಕ್ವಿಡ್ ಕೂಲ್ಡ್ ಎಂಜಿನ್ ಇದ್ದರೆ, ಟ್ರ್ಯಾಕ್ ಎರಚುವ ಹಿಮವೇ ಹೀಟ್ ಎಕ್ಸ್‌ಚೇಂಜರನ್ನೂ ತಣಿಸಬೇಕು. ಬರಿಯ ಮಂಜುಗಡ್ಡೆ ಅಥವಾ ಡಾಂಬರಿನ ಮೇಲೆ ದೂರ ಓಡಿಸಿದರೆ ಪ್ಲಾಸ್ಟಿಕ್ ಕರಗುತ್ತದೆ, ಎಂಜಿನ್ ಕಾಯುತ್ತದೆ. ಗಟ್ಟಿ ದಾರಿ ಸಿಕ್ಕಾಗ ನಾನು ಸ್ಕ್ರ್ಯಾಚರ್‌ಗಳನ್ನು ಇಳಿಸುತ್ತೇನೆ. ಅವು ಗಡ್ಡೆಯನ್ನು ಕೆರೆದು ಪುಡಿಯನ್ನು ಹಳಿಗೆ ಎಸೆಯುತ್ತವೆ. ಸಡಿಲ ಹಿಮ ಕಂಡಲ್ಲಿ ಟ್ರೇಲಿನ ಬಲ ಅಂಚಿಗೆ ಸರಿಯುತ್ತೇನೆ.

ಇನ್ನು ಬಿಗಿತ. ಟ್ರ್ಯಾಕ್ ಸಡಿಲವಾದರೆ ಸ್ಪ್ರಾಕೆಟ್ಟಿನ ಹಲ್ಲು ತಪ್ಪಿ ಟಕಟಕ ಸದ್ದು ಬರುತ್ತದೆ. ಅತಿ ಬಿಗಿಯಾದರೆ ಶಕ್ತಿ ವ್ಯರ್ಥ, ಹೈಫ್ಯಾಕ್ಸೂ ಬೇರಿಂಗೂ ಬೇಗ ಸವೆಯುತ್ತವೆ. ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆತ್ತಿ, ಕೈಪಿಡಿ ಹೇಳುವಷ್ಟು ಭಾರವನ್ನು ಟ್ರ್ಯಾಕಿನ ನಡುವೆ ತೂಗುಹಾಕಿ, ಜೋಲಿದ ಅಂತರವನ್ನು ಅಳೆಯಬೇಕು. ಮಾಡೆಲ್‌ನಿಂದ ಮಾಡೆಲ್‌ಗೆ ಅಳತೆ ಬೇರೆ. ಗೆಳೆಯನ ಬಂಡಿಯ ಲೆಕ್ಕ ನಮ್ಮದಕ್ಕೆ ಹೊಂದದು. ನಂತರ ಟ್ರ್ಯಾಕನ್ನು ನಿಧಾನವಾಗಿ ತಿರುಗಿಸಿ, ಹಳಿಗೂ ಟ್ರ್ಯಾಕಿನ ಗೈಡುಗಳಿಗೂ ನಡುವಿನ ಜಾಗ ಎರಡೂ ಬದಿ ಸಮವಿದೆಯೇ ನೋಡಬೇಕು. ಎಲ್ಲಿ ಕಿರಿದಾಗಿದೆಯೋ ಆ ಬದಿಯ ಬೋಲ್ಟನ್ನು ಸ್ವಲ್ಪಸ್ವಲ್ಪವೇ ಬಿಗಿಮಾಡಬೇಕು. ತಿರುಗುವ ಟ್ರ್ಯಾಕಿನ ಹಿಂದೆ ಯಾರೂ ನಿಲ್ಲಬಾರದು. ಕಲ್ಲೋ ಮುರಿದ ಮೊಳೆಯೋ ಗುಂಡಿನಂತೆ ಸಿಡಿಯಬಹುದು. ಎಂಜಿನ್ ಆರಿಸಿದ ಮೇಲೆಯೇ ಹರಿದ ಲಗ್ಗು (ರಬ್ಬರ್ ಹಲ್ಲು), ಮುರಿದ ಫೈಬರ್ ಕಡ್ಡಿ, ಕಳಚಿದ ಕ್ಲಿಪ್ಪುಗಳನ್ನು ಹುಡುಕಬೇಕು. ಹೊಸ ಟ್ರ್ಯಾಕ್ ಮೊದಮೊದಲು ಹಿಗ್ಗುವುದರಿಂದ ಮತ್ತೆ ಅಳೆಯಲೇಬೇಕು.

ಕೊರೆಯುವ ಬೆಳಗ್ಗೆ ಟ್ರ್ಯಾಕ್ ನೆಲಕ್ಕೆ ಹೆಪ್ಪುಗಟ್ಟಿರುತ್ತದೆ. ಹಾಗೆಯೇ ಥ್ರಾಟಲ್ ಒತ್ತಿದರೆ ಡ್ರೈವ್ ಬೆಲ್ಟ್ ಸುಡುತ್ತದೆ. ಮೊದಲು ಹಿಂಭಾಗವನ್ನೆತ್ತಿ ಬಿಡಿಸಿಕೊಳ್ಳುವುದು ಒಳ್ಳೆಯದು. ಆಳದ ಹಿಮದಲ್ಲಿ ನಿಲ್ಲಬೇಕೆಂದರೆ ಇಳಿಜಾರಿನ ಕೆಳಕ್ಕೆ ಮುಖಮಾಡಿ ನಿಲ್ಲಿಸುತ್ತೇನೆ. ಹೂತರೆ ಟ್ರ್ಯಾಕ್ ತಿರುಗಿಸಿದಷ್ಟೂ ಗುಂಡಿ ಆಳವಾಗುತ್ತದೆ. ಇಳಿದು, ಮುಂದಿನ ಹಿಮವನ್ನು ಕಾಲಿನಿಂದ ತುಳಿದು ಗಟ್ಟಿಮಾಡಿ, ಸ್ಕೀಗಳನ್ನೆಳೆದು ಹೊರತರುತ್ತೇನೆ. ತಿರುವಿಗೆ ಮೊದಲೇ ವೇಗ ಇಳಿಸಿ, ಮೈಯನ್ನು ಒಳಬದಿಗೆ ವಾಲಿಸುತ್ತೇನೆ. ಬಂಡಿಯಿಂದ ಬಿದ್ದರೆ ಎಂಜಿನ್ ತಾನೇ ನಿಲ್ಲುವಂತೆ ಟೆದರ್ ಹಗ್ಗ ಯಾವಾಗಲೂ ನನ್ನ ಜಾಕೆಟ್ಟಿಗಿರುತ್ತದೆ. ಸರೋವರ ದಾಟಲು ತಿಳಿಗಡ್ಡೆ ಕನಿಷ್ಠ 5 ಇಂಚು ದಪ್ಪವಿರಬೇಕು, ಬಿಳಿಗಡ್ಡೆಯಾದರೆ ಅದರ ಎರಡರಷ್ಟು. ಅಳೆಯದೆ ನಾನು ಇಳಿಯುವುದಿಲ್ಲ.

ಮಿನ್ನೆಸೋಟದಲ್ಲಿ 1976ರ ನಂತರ ಹುಟ್ಟಿದವರು ಸ್ನೋಮೊಬೈಲ್ ಓಡಿಸಲು ಸುರಕ್ಷತಾ ಪ್ರಮಾಣಪತ್ರ ಪಡೆದಿರಬೇಕು. ಇಲ್ಲಿರುವ ನಮ್ಮ ಕನ್ನಡಿಗರಿಗೆ ನನ್ನ ವಿನಂತಿ: ಆ ಪ್ರಮಾಣಪತ್ರದ ತರಗತಿಯಲ್ಲಿ ಮನಸ್ಸಿಟ್ಟು ಕಲಿಯಿರಿ. ಬಂಡಿ ಸ್ವಂತದ್ದಿರಲಿ, ಬಾಡಿಗೆಯದಿರಲಿ, ಹತ್ತುವ ಮುನ್ನ ಮಂಡಿಯೂರಿ ಟ್ರ್ಯಾಕ್ ನೋಡಿ. ರಸ್ತೆಯಿಂದ ದೂರದ ಕಾಡಿನಲ್ಲಿ, ಮೈ ಕೊರೆಯುವ ಚಳಿಯಲ್ಲಿ, ನಿಮ್ಮನ್ನು ಮನೆಗೆ ಮರಳಿಸುವುದು ಅದೇ.