ಮೊದಲು ಕಿವಿ, ಆಮೇಲೆ ಕ್ಯಾಮೆರಾ

ಇಬ್ಬರು ಮೂವರು ಸೇರಿ ಮನೆಯಲ್ಲೇ ತೆಗೆಯುವ ಸಿನಿಮಾಕ್ಕೆ ಏನು ಬೇಕೆಂದು ಕೇಳಿದರೆ ಎಲ್ಲರೂ ಕ್ಯಾಮೆರಾದ ಮಾತೇ ಎತ್ತುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಲ್ಲಿ ಈ ಕೆಲಸ ಮಾಡುತ್ತ ನಾನು ಕಂಡುಕೊಂಡದ್ದು ಬೇರೆ: ಇಲ್ಲಿ ಸಿನಿಮಾದ ರೂಪವನ್ನು ತೀರ್ಮಾನಿಸುವುದು ಧ್ವನಿ. ಬೆಳಕಿನ ತೊಡಕು ಸಣ್ಣದು. ದಪ್ಪ ಗೋಡೆಯ ಹಳೆಯ ಮಾಳಿಗೆ ಮನೆಯಲ್ಲಿ ಬೆಳಕಿಂಡಿಯಿಂದ ಇಳಿಯುವ ಬಿಸಿಲೇ ದೀಪ. ರಾತ್ರಿ ಟ್ಯೂಬ್‌ಲೈಟಿನಡಿ ಚಿತ್ರದ ಮೇಲೆ ಪಟ್ಟೆ ಓಡಿದರೆ, ನಮ್ಮ ಕರೆಂಟು 50 ಹರ್ಟ್ಜ್ ಎಂಬುದನ್ನು ನೆನಪಿಟ್ಟು ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಇಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಧ್ವನಿಗೆ ಇಂಥ ಸುಲಭದ ಮದ್ದಿಲ್ಲ. ಶಹಾಬಾದಿ ಪರಸಿಯ ನೆಲ, ಸಿಮೆಂಟು ಗೋಡೆ ಎರಡೂ ಆಡಿದ ಮಾತನ್ನು ಮರಳಿ ಎಸೆಯುತ್ತವೆ. ಗೋಡೆಗೆ ಕೌದಿ ತೂಗಿಹಾಕಿ, ನೆಲಕ್ಕೂ ಒಂದೆರಡು ಹಾಸಿದರೆ ಆ ಗುಂಯ್‌ಗುಡುವಿಕೆ ತಗ್ಗೀತು. ಆದರೆ ಹೊರಗಿನ ಟಂಟಂ, ಬೋರ್‌ವೆಲ್ ಮೋಟರು ಕೌದಿಗೆ ಬಗ್ಗುವುದಿಲ್ಲ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಸೀಮೆಯಲ್ಲಿ ಫ್ಯಾನು ನಿಲ್ಲಿಸಿ ಮನೆಯ ಹಿರಿಯರನ್ನು ಕೂರಿಸುವುದಂತೂ ಅನ್ಯಾಯ.

ಹಾಗಾಗಿ ಚಿತ್ರವನ್ನೂ ಮಾತನ್ನೂ ಒಟ್ಟಿಗೇ ಹಿಡಿಯುವ ಹಟ ಬಿಡಬೇಕು. ಇದು ಬಡವರ ರಾಜಿ ಅಲ್ಲ, ಪ್ರಯೋಗ ಸಿನಿಮಾದ ಹಳೆಯ ದಾರಿ. ಮಾಯಾ ಡೆರೆನ್ 1943ರಲ್ಲಿ ಗಂಡ ಅಲೆಕ್ಸಾಂಡರ್ ಹಮಿದ್ ಜೊತೆ ಲಾಸ್ ಏಂಜಲೀಸ್‌ನ ತಮ್ಮ ಮನೆಯಲ್ಲೇ 'ಮೆಶಸ್ ಆಫ್ ದಿ ಆಫ್ಟರ್‌ನೂನ್' ತೆಗೆದರು. ನಟಿಯೂ ಅವರೇ. ಬೀಗದ ಕೈ, ಚಾಕು, ಮೆಟ್ಟಿಲು ಇಷ್ಟರಲ್ಲೇ ಕನಸು ಕಟ್ಟಿದ ಆ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ. ಸಂಗೀತ ಸೇರಿದ್ದು 1959ರಲ್ಲಿ. ಶಾಂತಾಲ್ ಅಕರ್ಮನ್ 1977ರ 'ನ್ಯೂಸ್ ಫ್ರಮ್ ಹೋಮ್'ನಲ್ಲಿ ನ್ಯೂಯಾರ್ಕ್ ಬೀದಿಗಳನ್ನು ತೋರಿಸುತ್ತ ತಾಯಿಯ ಕಾಗದಗಳನ್ನು ಓದುತ್ತಾರೆ. ಅಲ್ಲಲ್ಲಿ ಗಾಡಿಗಳ ಸದ್ದು ಆ ಓದನ್ನೇ ನುಂಗುತ್ತದೆ. ನಮ್ಮ ತಾಲ್ಲೂಕುಗಳಿಂದ ದುಡಿಯಲು ಮುಂಬೈ, ಪುಣೆಗೆ ಹೋದವರಿಗೂ ಮನೆಗೂ ನಡುವೆ ಈಗ ಕಾಗದವಿಲ್ಲ, ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜು ಇದೆ. ಹಣ, ಮಳೆ, ತೊಗರಿ ಬೆಲೆ, ಮುನಿಸು ಎಲ್ಲವೂ ಅದರಲ್ಲಿದೆ. ಚಿತ್ರಕಥೆ ಬರೆಯಲು ಕೂರುವ ಮೊದಲು ಅವನ್ನು ಕೇಳುವುದು ಮೇಲು.

ಮಾತನ್ನು ಆಮೇಲೆ ಡಬ್ ಮಾಡಿದರಾಯಿತಲ್ಲ ಎನ್ನುವವರಿದ್ದಾರೆ. ತುಟಿಗೆ ಮಾತು ಕೂಡಿಸುವುದು ಪಳಗಿದವರ ಕಸುಬು. ಮನೆಯವರಿಂದ ಅದನ್ನು ಮಾಡಿಸಹೋದರೆ ಮೊದಲು ಸಾಯುವುದು ಅವರ ಲಯ. ಮೈಕಿನ ಮುಂದೆ ಎರಡನೇ ಸಲ ಹೇಳುವಾಗ 'ಹೋಗ್ಯಾನ' ಎಂಬುದು ತಾನಾಗಿ 'ಹೋಗಿದ್ದಾನೆ' ಆಗುತ್ತದೆ, ನಡುವೆ ಬರುವ ದಖನಿ, ಮರಾಠಿ ಮಾತುಗಳು ಉದುರುತ್ತವೆ. ನಮ್ಮ ಸೀಮೆಯ ಮಾತನ್ನು ನಗೆಗಷ್ಟೇ ಬಳಸಿದ ಸಿನಿಮಾಗಳು ಸಾಕಷ್ಟಿವೆ. ಮನೆಯ ಸಿನಿಮಾವೂ ಅದಕ್ಕೆ ನಾಚಬೇಕೆ? ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಮಾತು ಒಂದು ಕಡೆ, ಚಿತ್ರ ಒಂದು ಕಡೆ ಆದರೆ ಅದು ಫೋಟೊಗಳಿಗೆ ವಿವರಣೆ ಹಚ್ಚಿದಂತಲ್ಲವೇ? ಚಿತ್ರವು ಮಾತಿನ ಬೆನ್ನುಹತ್ತಿದರೆ ಹೌದು. ದನಿ ರೊಟ್ಟಿಯ ಮಾತಾಡುವಾಗ ರೊಟ್ಟಿ ತೋರಿಸಬಾರದು. ಖಾಲಿ ಪಡಸಾಲೆ ತೋರಿಸಿದರೆ, ಅದನ್ನು ತಿನ್ನಬೇಕಾದವರು ಎಲ್ಲಿ ಎಂಬ ಪ್ರಶ್ನೆ ನೋಡುವವರಲ್ಲೇ ಏಳುತ್ತದೆ.

ಮನೆಯವರನ್ನು ಸಿನಿಮಾಕ್ಕೆ ಎಳೆಯುವುದು ಆತ್ಮರತಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಟೇಶ್ ಹೆಗಡೆಯವರ 'ಪೆಡ್ರೊ' (2021) ಚಿತ್ರದ ಮುಖ್ಯ ಪಾತ್ರದಲ್ಲಿ ನಟಿಸಿದ್ದು ಅವರ ತಂದೆಯೇ, ಆದರೂ ಅದು ಒಂದಿಡೀ ಊರಿನ ಕ್ರೌರ್ಯದ ಕಥೆ. ಅಲ್ಲಿ ಪಾತ್ರದ ಮರೆಯಾದರೂ ಇತ್ತು. ವೈಯಕ್ತಿಕ ಚಿತ್ರದಲ್ಲಿ ಅದೂ ಇಲ್ಲ. ನಿಜವಾದ ತೊಂದರೆ ಒಪ್ಪಿಗೆಯದು. ಮಗನೋ ಮಗಳೋ ಕೇಳಿದಾಗ ಅವ್ವ ಒಲ್ಲೆ ಎನ್ನುವುದು ಕಷ್ಟ. ಮುಖ ತೋರಿಸದಿದ್ದರೆ ಸಾಕೆಂಬ ಲೆಕ್ಕವೂ ಸಣ್ಣ ಊರಿನಲ್ಲಿ ನಡೆಯದು, ಅಲ್ಲಿ ದನಿಯೇ ಗುರುತು. ಭಾವ-ಮೈದುನರ ಹೊಲದ ಜಗಳ ಆ ದನಿಯಲ್ಲಿ ಬಂದರೆ ಯಾರ ಮನೆಯದೆಂದು ಓಣಿಗೆಲ್ಲ ತಿಳಿಯುತ್ತದೆ. ಆದ್ದರಿಂದ ಒಪ್ಪಿಗೆಯನ್ನು ರೆಕಾರ್ಡ್ ಮಾಡುವ ಮೊದಲಷ್ಟೇ ಅಲ್ಲ, ಎಡಿಟ್ ಮುಗಿದ ಮೇಲೆ ಪೂರ್ತಿ ಕೇಳಿಸಿ ಇನ್ನೊಮ್ಮೆ ಪಡೆಯಬೇಕು. ಅವರು ತೆಗೆಸಿದ ಮಾತು ಸಿನಿಮಾದ ಅತ್ಯುತ್ತಮ ಮಾತಾಗಿದ್ದರೂ ತೆಗೆಯಬೇಕು.