ವಿಷಮಜ್ವರದಂಥ ದೋಷ: ಭಾರಪರೀಕ್ಷೆ ಮತ್ತು ಡೇಟಾಬೇಸ್ ಸಂಪರ್ಕ

ಪರೀಕ್ಷಾ ಫಲಿತಾಂಶಗಳು ಇಂದು ಗಣಕಯಂತ್ರದ ಮೂಲಕ ಪ್ರಕಟವಾಗುತ್ತವೆ. ಒಂದೇ ಗಳಿಗೆಯಲ್ಲಿ ಸಹಸ್ರಾರು ವಿದ್ಯಾರ್ಥಿಗಳು ಬಾಗಿಲು ತಟ್ಟಿದರೆ ವ್ಯವಸ್ಥೆ ತಾಳೀತೇ ಎಂಬುದನ್ನು ಕೃತಕ ಕೋರಿಕೆಗಳಿಂದ ಮುಂಚಿತವಾಗಿ ಅಳೆಯುವುದೇ ಭಾರಪರೀಕ್ಷೆ. ಆಗ ಡೇಟಾಬೇಸಿನ ಸಂಪರ್ಕವು ಒಮ್ಮೆ ದೊರೆತು ಮತ್ತೊಮ್ಮೆ ತಪ್ಪುವುದುಂಟು. ಈ ದೋಷವು ವಿಷಮಜ್ವರದಂತೆ. ಜ್ವರವಿಳಿದಾಗ ರೋಗಿ ಸ್ವಸ್ಥನೆಂದೇ ತೋರುತ್ತಾನೆ.

ನಿದಾನಕ್ಕೆ ಮೊದಲು ಲಕ್ಷಣಗಳನ್ನು ವಿಂಗಡಿಸಬೇಕು. ಪ್ರತಿ ಕೋರಿಕೆಗೂ ಹೊಸ ಸಂಪರ್ಕ ತೆರೆಯುವುದು ವಿಳಂಬಕರವಾದುದರಿಂದ ಕೆಲವನ್ನು ಪೂಲ್ ಎಂಬ ಸಂಗ್ರಹದಲ್ಲಿ ಸಿದ್ಧವಾಗಿರಿಸುತ್ತಾರೆ. ಅವು ಬಾವಿಕಟ್ಟೆಯ ಮೇಲಣ ಕೊಡಗಳಿದ್ದಂತೆ. ಕಾದರೂ ಸಂಪರ್ಕ ದೊರೆಯಲಿಲ್ಲವೆಂಬ ದೂರು ಬಂದರೆ ಕೊಡಗಳು ಬರಿದಾಗಿವೆಯೆಂದಲ್ಲ, ಎಲ್ಲವೂ ಪರರ ಕೈಯಲ್ಲಿವೆಯೆಂದು ಅರ್ಥ. ಸಂಪರ್ಕಗಳು ಮಿತಿಮೀರಿವೆಯೆಂದು ಡೇಟಾಬೇಸೇ ನಿರಾಕರಿಸಿದರೆ ಬಾವಿಕಟ್ಟೆಯಲ್ಲಿಯೇ ಎಡೆಯಿಲ್ಲವೆಂದು ತಿಳಿಯಬೇಕು.

1961ರಲ್ಲಿ ಜಾನ್ ಲಿಟ್ಲ್ ಅವರು ಸಾಧಿಸಿ ತೋರಿದ ನಿಯಮವೊಂದು ಇಲ್ಲಿ ದಾರಿದೀಪ. ಸೆಕೆಂಡಿಗೆ ಬರುವ ಕೋರಿಕೆಗಳನ್ನು, ಒಂದೊಂದೂ ಸಂಪರ್ಕವನ್ನು ಹಿಡಿದಿರುವ ಸರಾಸರಿ ಕಾಲದಿಂದ ಗುಣಿಸಿದರೆ, ಏಕಕಾಲದಲ್ಲಿ ಬಳಕೆಯಲ್ಲಿರುವ ಸಂಪರ್ಕಗಳ ಸರಾಸರಿ ಸಂಖ್ಯೆ ದೊರೆಯುತ್ತದೆ. ಹಿಡಿತ 0.05 ಸೆಕೆಂಡಾದರೆ 10 ಸಂಪರ್ಕಗಳು ಸೆಕೆಂಡಿಗೆ ಗರಿಷ್ಠ 200 ಕೋರಿಕೆಗಳನ್ನು ಪೂರೈಸಬಲ್ಲವು. 2 ಸೆಕೆಂಡಾದರೆ ಕೇವಲ 5. ಸೂಚಿಯಿಲ್ಲದ ಕೋಷ್ಟಕವನ್ನು ಆಮೂಲಾಗ್ರ ಜಾಲಾಡುವ ನಾಲ್ಕಾರು ಪ್ರಶ್ನೆಗಳು ಒಟ್ಟಿಗೆ ಬಂದರೆ ಸಾಕು, ಸರದಿ ಬೆಳೆಯುತ್ತದೆ; ಅವು ಮುಗಿದೊಡನೆ ಕರಗುತ್ತದೆ. ದೋಷವು ಬಂದು ಹೋಗುವುದರ ಮರ್ಮವಿದು.

ಪೂಲನ್ನು ಹಿಗ್ಗಿಸುವುದೇ ಚಿಕಿತ್ಸೆಯೆಂದು ಭ್ರಮಿಸಬಾರದು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಸಹಜ ಮಿತಿ 100 ಸಂಪರ್ಕಗಳು. ಅವುಗಳಲ್ಲಿ 3 ಮೇಲ್ವಿಚಾರಕರಿಗೆ ಮೀಸಲು. ನಾಲ್ಕು ಸರ್ವರುಗಳು ತಲಾ 30ರಂತೆ ಕೇಳಿದರೆ 120 ಆಗುತ್ತದೆ. ಭಾರ ಏರಿ ಪೂಲುಗಳೆಲ್ಲ ತುಂಬಿದಾಗ ಮಾತ್ರ ಈ ಲೆಕ್ಕದ ತಪ್ಪು ಬಯಲಾಗುತ್ತದೆ. ಇನ್ನು, ನಡುವೆ ದೋಷವುಂಟಾದಾಗ ಪಡೆದ ಸಂಪರ್ಕವನ್ನು ಮರಳಿಸದ ಕ್ರಮವಿಧಿಯು ಕೊಡವನ್ನು ಮನೆಗೊಯ್ದವನಂತೆ. ಭಾರವಿಳಿದ ಮೇಲೂ ಬಳಕೆಯ ಸಂಖ್ಯೆ ಇಳಿಯದಿದ್ದರೆ ಇದನ್ನು ಶಂಕಿಸಬೇಕು.

ಆದುದರಿಂದ ಬಳಕೆಯಲ್ಲಿರುವ ಸಂಪರ್ಕಗಳು, ಕಾದಿರುವ ಕೋರಿಕೆಗಳು, ಪ್ರತಿ ಪ್ರಶ್ನೆಯ ಕಾಲ, ಈ ಮೂರನ್ನೂ ವೇಳೆಸಹಿತ ದಾಖಲಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ಭಾರದಲ್ಲಿ ಮರಳಿ ಪರೀಕ್ಷಿಸಬೇಕು.

ನೂರಕ್ಕೆ ಒಂದು ತಪ್ಪಿದರೇನೆಂಬ ಉದಾಸೀನ ಸಲ್ಲದು. ಹತ್ತು ಸಾವಿರ ವಿದ್ಯಾರ್ಥಿಗಳಲ್ಲಿ ಅದು ನೂರು ಮಕ್ಕಳ ನಿರಾಶೆ. ತನ್ನ ಫಲಿತಾಂಶ ಕಾಣದ ಮಗುವಿಗೆ ಆ ವೈಫಲ್ಯವು ನೂರಕ್ಕೆ ನೂರು.