ಮುಕ್ತ ತಂತ್ರಾಂಶ ಮತ್ತು ಕಿರುಕಾಣಿಕೆ

ಮೂಲ ಬರಹವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಲು ಅನುಮತಿಯಿರುವ ಗಣಕಯಂತ್ರದ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು. ಇದನ್ನು ಬಳಸುವವರು ಅಸಂಖ್ಯ, ಪೋಷಿಸುವವರು ವಿರಳ. 2014ರ ಏಪ್ರಿಲ್‌ನಲ್ಲಿ ಈ ಸತ್ಯವು ಜಗತ್ತಿಗೆ ಮನವರಿಕೆಯಾಯಿತು. ಅಂತರಜಾಲದ ವ್ಯವಹಾರಗಳಿಗೆ ಗುಪ್ತತೆಯನ್ನೊದಗಿಸುವ ‘ಓಪನ್‌ಎಸ್‌ಎಸ್‌ಎಲ್’ ತಂತ್ರಾಂಶದಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಗಂಭೀರ ದೋಷವು ಬಯಲಾದಾಗ, ಅದಕ್ಕೆ ವರ್ಷವೊಂದಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರುಗಳಷ್ಟೇ ಎಂಬುದೂ ತಿಳಿದುಬಂತು.

ಕೊಡುವ ಮನಸ್ಸಿಲ್ಲದುದೊಂದೇ ಇದಕ್ಕೆ ಕಾರಣವಲ್ಲ. ಒಂದು ತಂತ್ರಾಂಶವು ನೂರಾರು ಸಣ್ಣ ತಂತ್ರಾಂಶಗಳನ್ನು ಆಶ್ರಯಿಸಿರಬಹುದು. ಅವುಗಳ ಕರ್ತೃಗಳಾರೆಂಬುದು ಬಳಕೆದಾರನಿಗೆ ತಿಳಿಯದು. ಈ ಕೊರತೆಯನ್ನು ನೀಗಲೆಂದು 2019ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ‘ಎನ್‌ಪಿಎಂ’ ಸಾಧನಕ್ಕೆ ‘ಫಂಡ್’ ಎಂಬ ಆಜ್ಞೆಯನ್ನು ಸೇರಿಸಲಾಯಿತು. ಕರ್ತೃವು ತನ್ನ ತಂತ್ರಾಂಶದ ವಿವರಪತ್ರದಲ್ಲಿ ದೇಣಿಗೆ ಸ್ವೀಕರಿಸುವ ವಿಳಾಸವನ್ನು ನಮೂದಿಸಿರುತ್ತಾನೆ. ಬಳಕೆದಾರನು ಕಮಾಂಡ್ ಲೈನಿನಲ್ಲಿ ‘ಎನ್‌ಪಿಎಂ ಫಂಡ್’ ಎಂದು ಬೆರಳಚ್ಚಿಸಿದೊಡನೆ, ತಾನು ಆಶ್ರಯಿಸಿರುವ ತಂತ್ರಾಂಶಗಳ ಪೈಕಿ ನೆರವು ಬಯಸುವವುಗಳ ಪಟ್ಟಿಯು ವಿಳಾಸಸಮೇತ ತೆರೆಯ ಮೇಲೆ ಮೂಡುತ್ತದೆ. ಪಿಎಚ್‌ಪಿ ಭಾಷೆಯ ‘ಕಂಪೋಸರ್’ ಸಾಧನದಲ್ಲಿಯೂ ಇಂಥದೇ ಆಜ್ಞೆಯಿದೆ.

ಆದರೆ ಆಜ್ಞೆಯು ದಾರಿಯನ್ನು ತೋರಿಸುತ್ತದೆಯೇ ಹೊರತು ಹಣವನ್ನು ಸಲ್ಲಿಸುವುದಿಲ್ಲ. ಆ ಕಾರ್ಯ ಬಳಕೆದಾರನದೇ. ಹನಿಹನಿಗೂಡಿದರೆ ಹಳ್ಳವೆಂಬ ನಾಣ್ಣುಡಿ ಇಲ್ಲಿಯೂ ಸಲ್ಲುತ್ತದೆ. ಅನಾಹುತವಾದಾಗ ಒಮ್ಮೆಗೇ ಹರಿದುಬರುವ ಹಣಕ್ಕಿಂತ, ತಿಂಗಳು ತಿಂಗಳೂ ತಪ್ಪದೆ ಬರುವ ಚಿಕ್ಕ ಕಾಣಿಕೆಯು ನಿರ್ವಾಹಕನಿಗೆ ಹೆಚ್ಚಿನ ಧೈರ್ಯವನ್ನೀಯುವುದು. ಗಣಕಶಿಕ್ಷಣ ನೀಡುವ ಅಧ್ಯಾಪಕರು ಈ ಆಜ್ಞೆಯನ್ನೂ ಪಾಠದೊಡನೆ ಕಲಿಸಿದರೆ, ವಿದ್ಯಾರ್ಥಿಗಳಲ್ಲಿ ವಿದ್ಯೆಯೊಂದಿಗೆ ಋಣಪ್ರಜ್ಞೆಯೂ ಬೆಳೆಯುವುದರಲ್ಲಿ ಸಂದೇಹವಿಲ್ಲ.